ದಿಂಬಿನ ಬಟ್ಟೆಗೆ ಬಿಸಿಲು

ನನ್ನ ಮೂಗಿಗೂ ಹಿತ್ತಲಿನ ಮರಕ್ಕೂ ಹಳೇ ವೈರ. ವರ್ಷಕ್ಕೊಮ್ಮೆ ಅದು ಹೂ ಬಿಡುತ್ತದೆ, ಆರು ವಾರ ನಾನು ಸೀನುತ್ತೇನೆ. ಬೇರೆಯವರಾದರೆ ಕರವಸ್ತ್ರ ಹಿಡಿದು ಹೇಗೋ ದಿನ ತಳ್ಳಿಯಾರು. ನನ್ನದು ಗಡಿಯಾರ ರಿಪೇರಿ. ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದಾಗ ಸೀನು ಬಂದರೆ ಕತೆ ಮುಗಿಯಿತು. ಆಮೇಲೆ ಮಂಡಿಯೂರಿ ನೆಲ ತಡಕುವುದೇ ಕೆಲಸ.

ಈ ಸಲ ಆಗಲೇ ಎರಡು ಹಾರಿಸಿದ್ದೆ. ಎರಡನೆಯದು ಹಾರಿದಾಗ ಅಂಗಡಿಯ ಯಜಮಾನರು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಇನ್ನೊಂದು ಹೋದ್ರೆ ಕೌಂಟರ್‌ಗೆ ಬಂದ್ಬಿಡಿ. ಬೆಲ್ಟು, ಬ್ಯಾಟರಿ ನೋಡ್ಕೊಳ್ಳಿ," ಎಂದರು.

ಇಪ್ಪತ್ತೆರಡು ವರ್ಷ ಗಡಿಯಾರದ ಹೊಟ್ಟೆಯೊಳಗೆ ಕೈಯಾಡಿಸಿದವನಿಗೆ ಬೆಲ್ಟು ಕಟ್ಟುವ ಕೆಲಸ! ನೇರ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಮೊದಲು ನನ್ನ ಜೇಬಿನಲ್ಲಿದ್ದ ಮೂಗಿನ ಹನಿಯ ಬಾಟಲಿ ಕಿತ್ತುಕೊಂಡರು.

"ಇದನ್ನ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಹಾಕಿದ್ರೆ ಮೂಗು ಇನ್ನೂ ಕಟ್ಕೊಳುತ್ತೆ. ನೀವು ತಿಂಗಳಿಂದ ಹಾಕ್ತಿದೀರ." ಬೇರೆ ಔಷಧ ಬರೆದುಕೊಟ್ಟು ಕೇಳಿದರು, "ಬಟ್ಟೆ ಎಲ್ಲಿ ಒಣಗಿಸ್ತೀರಿ?"

"ಹಿತ್ತಲಲ್ಲಿ, ಮರದ ಪಕ್ಕ. ನಮ್ಮಪ್ಪ ಹಾಕ್ತಾರೆ."

"ಸರಿಹೋಯ್ತು! ಹೂವಿನ ಪುಡಿನ ದಿಂಬಿಗೆ ತುಂಬಿಸ್ಕೊಂಡು ಅದರ ಮೇಲೇ ಮಲಗ್ತಿದೀರ. ಇನ್ಮೇಲೆ ಮನೆಯೊಳಗೆ ಒಣಗ್ಸಿ."

ಹೇಳುವುದು ಸುಲಭ. ನಲವತ್ತು ವರ್ಷ ಲಾಂಡ್ರಿ ನಡೆಸಿದ ಅಪ್ಪನಿಗೆ ಈಗ ಮರೆವು. ಉಂಡದ್ದು ನೆನಪಿಲ್ಲ, ಸೊಸೆಯನ್ನು ಅಕ್ಕ ಎನ್ನುತ್ತಾರೆ. ಒಗೆಯುವುದು ಮಾತ್ರ ಮರೆತಿಲ್ಲ. ನಾನು ಸೀನಿದೆನೆಂದರೆ ದಿಂಬಿನಲ್ಲಿ ಧೂಳಿದೆ ಎಂದೇ ಅವರ ತೀರ್ಮಾನ. ಹೆಚ್ಚು ಸೀನಿದಷ್ಟೂ ಹೆಚ್ಚು ಒಗೆದರು, ಹೆಚ್ಚು ಹೊತ್ತು ಹೊರಗೆ ಹಾಕಿದರು.

ಕೋಣೆಯಲ್ಲಿ ಹಗ್ಗ ಕಟ್ಟಿದೆ. "ನೆರಳಲ್ಲಿ ಒಣಗ್ಸೋದು ಕಳ್ಳ ಕೆಲ್ಸ," ಎಂದು ಬಟ್ಟೆಯನ್ನು ಹೊರಗೊಯ್ದರು. ಕ್ಲಿಪ್ಪು ಅಡಗಿಸಿಟ್ಟೆ. ಬೇಲಿಯ ಹೂಗಿಡಗಳ ಮೇಲೆಯೇ ಹರಡಿದರು. ಬೇರೆ ದಿಂಬು ಬಚ್ಚಿಟ್ಟುಕೊಂಡೆ. ಹುಡುಕಿ ತೆಗೆದು ಅದರ ಬಟ್ಟೆಯನ್ನೂ ಒಗೆದರು. ದಿನಾ ಬೆಳಗ್ಗೆ ತಿಳಿಸಿ ಹೇಳುತ್ತಿದ್ದೆ. ದಿನಾ ತಲೆಯಾಡಿಸಿ, ಹತ್ತು ನಿಮಿಷಕ್ಕೆ ಮರೆಯುತ್ತಿದ್ದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು.

ಕೊನೆಗೆ ಹಿತ್ತಲ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದೆ.

"ಅವರಿಗೆ ಇರೋದು ಅದೊಂದೇ ಕೆಲ್ಸ ಕಣ್ರೀ," ಎಂದಳು ಹೆಂಡತಿ.

"ನನಗೂ ಇರೋದು ಒಂದೇ ಕೆಲ್ಸ," ಎಂದು ರೇಗಿದೆ.

ನಾಲ್ಕೇ ದಿನಕ್ಕೆ ಸೀನು ಹತೋಟಿಗೆ ಬಂತು. ಸ್ಪ್ರಿಂಗುಗಳು ಹೇಳಿದ ಹಾಗೆ ಕೇಳತೊಡಗಿದವು. ಐದನೆಯ ಸಂಜೆ ಹುರುಪಿನಿಂದಲೇ ಮನೆಗೆ ಬಂದೆ.

ಅಪ್ಪ ಬೀಗ ಹಾಕಿದ ಬಾಗಿಲಿನ ಮುಂದೆ ನಿಂತಿದ್ದರು. ಹಸಿ ದಿಂಬಿನ ಬಟ್ಟೆಯನ್ನು ಎದೆಗವಚಿಕೊಂಡಿದ್ದರಿಂದ ಅಂಗಿಯೆಲ್ಲ ತೊಯ್ದಿತ್ತು.

"ಬೆಳಗ್ಗೆಯಿಂದ ಹೀಗೇ ನಿಂತಿದಾರೆ. ಬಟ್ಟೆ ಆರಿದ್ರೆ ಮತ್ತೆ ಒಗ್ಕೊಂಡು ಬರ್ತಾರೆ. ಊಟಕ್ಕೂ ಬರ್ಲಿಲ್ಲ," ಎಂದಳು ಹೆಂಡತಿ.

ಅಪ್ಪ ನನ್ನ ಕಡೆ ತಿರುಗಿ ಕೈಮುಗಿದರು. "ಸ್ವಾಮಿ, ಈ ಬಾಗಿಲು ಸ್ವಲ್ಪ ತೆಗೀತೀರಾ? ನನ್ ಮಗನಿಗೆ ಸೀನು ಜಾಸ್ತಿ. ಅವನ ದಿಂಬಿನ ಬಟ್ಟೆಗೆ ಬಿಸಿಲು ಬೇಕು."

ಜೇಬಿಗೆ ಕೈಹಾಕಿ ಕೀಲಿ ಹುಡುಕಿದೆ. ಬೀಗ ತೆಗೆದೆ.

ಗೋಡೆಯ ಮೇಲೆ ಗೇಣುದ್ದ ಬಿಸಿಲು ಉಳಿದಿತ್ತು. ಅಪ್ಪ ಬಟ್ಟೆಯನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ ಹಗ್ಗಕ್ಕೆ ಹಾಕಿದರು. ಮರದಿಂದ ಹಳದಿ ಪುಡಿ ಉದುರುತ್ತಿತ್ತು. ನನಗೆ ತಡೆಯಲಾಗದೆ ಸೀನು ಬಂತು. ಒಂದು, ಎರಡು, ಮೂರು.

ಅಪ್ಪ ಗಕ್ಕನೆ ತಿರುಗಿದರು. ಮುಖ ಅರಳಿತು.

"ಏನೋ ಮಗಾ, ಯಾವಾಗ ಬಂದೆ?"

"ಈಗ್ಲೇ ಅಪ್ಪ," ಎಂದೆ.

ಮರುದಿನ ಹಿತ್ತಲ ಬಾಗಿಲು ತೆಗೆದೇ ಇರಲಿ ಎಂದು ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು ಅಂಗಡಿಗೆ ಹೋದೆ. ಚಿಮಟ ಮುಟ್ಟುವ ಮೊದಲೇ ಯಜಮಾನರಿಗೆ, ಕೌಂಟರಿಗೆ ಬರುತ್ತೇನೆ ಎಂದು ಹೇಳಿದೆ.