ಗಡಿಗೆಯ ಮೇಲೆ ಹೆಪ್ಪಾದ ತೀರ್ಥ

ಬಸವಕಲ್ಯಾಣದ ನನ್ನ ಕಿರಾಣಿ ಅಂಗಡಿಗಿಂತ ದೊಡ್ಡದು ಈ ಜಗತ್ತಿನಲ್ಲಿ ಒಂದೇ ಇದೆ, ಅದು ಸಮುದ್ರ. ಅದನ್ನೂ ನಾನು ನೋಡಿದ್ದೇನೆ. ನನ್ನನ್ನು ಕಂಡ ಕೂಡಲೇ ಅದೇ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಇಂಥ ನನ್ನನ್ನೂ ಹೆದರಿಸುವವಳು ಒಬ್ಬಳಿದ್ದಾಳೆ. ಹುಮನಾಬಾದಿನ ನನ್ನ ಅಕ್ಕ, ಕಸ್ತೂರಿಬಾಯಿ.

ಈ ಬೇಸಿಗೆಯಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಸೋತುಹೋಯಿತು. ಅವಳ ಮಾತನ್ನು ಮುಟ್ಟಲು ಲಕ್ವಕ್ಕೂ ಧೈರ್ಯ ಬರಲಿಲ್ಲ, ಹೋಗಿ ಗಂಟಲಲ್ಲಿ ಕೂತಿತು. ನೀರು ಕುಡಿದರೆ ಉಸಿರಿನ ದಾರಿಗೇ ನುಗ್ಗುತ್ತಿತ್ತು. ಆಗ ಅವಳು ಕೆಮ್ಮಿದರೆ ಅತ್ತ ಹುಡಗಿ ಎಂಬ ಪಕ್ಕದೂರಿನ ಎಮ್ಮೆಗಳು ಹಗ್ಗ ಹರಿದುಕೊಂಡು ಓಡುತ್ತಿದ್ದವು.

“ತೆಳ್ಳಗಿನದು ಒಂದು ಹನಿಯೂ ಬೇಡ, ಗಟ್ಟಿ ಮಾಡಿ ಕೊಡಿ” ಎಂದರು ಡಾಕ್ಟರು. ಸರಿ. ಆದರೆ ಲಿಂಗಪೂಜೆಯ ತೀರ್ಥ ತೆಗೆದುಕೊಳ್ಳದೆ ಅಕ್ಕ ಇಷ್ಟು ವರ್ಷ ಒಂದು ತುತ್ತೂ ಬಾಯಿಗಿಟ್ಟವಳಲ್ಲ. ತೀರ್ಥವೆಂದರೆ ನೀರು, ನೀರೆಂದರೆ ಕೆಮ್ಮು. ಹೀಗಾಗಿ ಊಟವೇ ನಿಂತಿತು. ಸೊಸೆ ಪೂನಂ ತೀರ್ಥಕ್ಕೆ ಚಿಟಿಕೆ ಹಿಟ್ಟು ಬೆರೆಸಿ ನೋಡಿದಳಂತೆ.

“ಹಿಟ್ಟು ಕಲಸಿದ್ರ ಅದು ಅಂಬಲಿ. ತೀರ್ಥ ಹ್ಯಾಂಗ ಆಗತದ?” ಎಂದು ಅಕ್ಕ ಬಟ್ಟಲು ಸರಿಸಿದಳು.

ಪೂನಂ ಫೋನಿನಲ್ಲಿ ಅತ್ತಳು. ನೀರು ನೀರಾಗಿಯೇ ಇರಬೇಕು, ಹರಿಯಬಾರದು. ಇದೆಂಥ ಒಗಟು! ನಾನು ಯೋಚಿಸಿದ ರಭಸಕ್ಕೆ ತಲೆಯ ಮೇಲಿನ ಫ್ಯಾನು ತಾನಾಗಿ ತಿರುಗಿತು. ಅಷ್ಟರಲ್ಲಿ ಫಕ್ರುನ್ನೀಸಾ ಆಪಾ ಚೈನಾ ಗ್ರಾಸ್ ಕೇಳಿಕೊಂಡು ಅಂಗಡಿಗೆ ಬಂದಳು. ಸಮುದ್ರದ ಪಾಚಿಯಿಂದ ತೆಗೆದ ಬಿಳಿಯ ಎಳೆಗಳವು. ಹಾಲಲ್ಲಿ ಕುದಿಸಿ ಆರಿಸಿದರೆ ಹಾಲೇ ಚಾಕುವಿನಿಂದ ಕೊಯ್ಯುವಂತಾಗುತ್ತದೆ.

“ಆಪಾ, ಬರೀ ನೀರೂ ಹಿಂಗ ಗಟ್ಟಿ ಹಿಡೀತದೇನ್ರಿ?”

“ಯಾಕ ಹಿಡೀಯಂಗಿಲ್ಲ ಭಾಯಿ? ಪೂರಾ ಕರಗೋತನ ಕುದಿಸ್ರಿ. ಉಗುರುಬೆಚ್ಚಗ ಆಗೋತನ ನೀರೇ ಇರತದ, ಆಮ್ಯಾಲ ಹಿಡೀತದ.”

ನನ್ನ ಅವಸರಕ್ಕೆ ಬಸ್ಸು ಚಕ್ರವನ್ನು ನೆಲಕ್ಕೆ ತಾಗಿಸದೆ ಹುಮನಾಬಾದ್ ಮುಟ್ಟಿತು. ಪೂನಂ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ನೆಟ್ಟಗೆ ಕೂಡಿಸಿ, ಮೆತ್ತಗಿನದನ್ನು ಸಣ್ಣ ಚಮಚೆಯಲ್ಲಿ ಕೊಟ್ಟು ನೋಡಿ ಎಂದರು. ಅಕ್ಕ ಮಾತ್ರ ಒಂದು ಎಳೆಯನ್ನು ಮೂಸಿ ನೋಡಿದಳು.

“ಸಮುದ್ರದ್ದಾ? ಮೀನಿನ ಪೈಕಿ ಏನೋ ಭದ್ರ್ಯಾ?”

“ಗಿಡದ ಪೈಕಿ ಅಕ್ಕಾ. ಮೀನು ಇದರ ಬಾಜೂ ಮನಿಯಾಂವ, ಅಷ್ಟೇ.”

“ಆದ್ರ ತೀರ್ಥಾ ಕುದಿಸಾಕ ಬಿಡಂಗಿಲ್ಲ ನಾ.”

ಗಂಟು ಇದ್ದದ್ದೇ ಅಲ್ಲಿ. ಆಪಾ ಹೇಳಿದ ಉಗುರುಬೆಚ್ಚಗಿನ ಮಾತು ಆಗ ನೆನಪಾಯಿತು.

“ಮೊದಲು ಈ ಎಳಿ ಹಾಕಿ ನೀರು ಕುದಿಸೋದು, ಆಮ್ಯಾಲ ಪೂಜಾ. ಬೆಚ್ಚಗಿದ್ದಾಗ ಲಿಂಗದ ಮ್ಯಾಲ ಹಾಕಿದ್ರ ನೀರಾಗೇ ಇಳೀತದ. ತೀರ್ಥ ಆದಮ್ಯಾಲ ತಾನಾಗೇ ಹಿಡೀತದ.”

“ಲಿಂಗಕ್ಕ ಬಿಸಿನೀರ ಸ್ನಾನ ಏನು?”

“ವರ್ಷಪೂರ್ತಿ ನಿನಗ ಬೇಕು, ಸ್ವಾಮಿಗೆ ಬ್ಯಾಡೇನು?”

ಅಕ್ಕ ನಗು ನುಂಗಿದಳು. ಎಡಗೈಯಲ್ಲಿ ಲಿಂಗ ಹಿಡಿದಳು, ಪೂನಂ ಎಳೆ ಕರಗಿಸಿದ ಬೆಚ್ಚಗಿನ ನೀರೆರೆದಳು, ಬಟ್ಟಲು ತುಂಬಿತು. ಕಾದೆವು. ಹೊರಗೆ ಕಾಗೆಗಳು ಹಾರುತ್ತಲೇ ಹುರಿದುಹೋಗುವ ಬಿಸಿಲು.

“ಮಾಮಾ, ನಿಮ್ಮ ಸಮುದ್ರ ಇನ್ನಾ ನೀರೇ ಅದ ನೋಡ್ರಿ” ಎಂದಳು ಪೂನಂ.

ಹುಮನಾಬಾದಿನ ಮಧ್ಯಾಹ್ನದಲ್ಲಿ ಮನೆಯ ಗಾಳಿಯೇ ಉಗುರುಬೆಚ್ಚಗಿತ್ತು. ಹೆಪ್ಪಾಗುವುದು ಹೇಗೆ? ಬಟ್ಟಲನ್ನು ಒದ್ದೆ ಬಟ್ಟೆ ಸುತ್ತಿದ ಕುಡಿಯುವ ನೀರಿನ ಗಡಿಗೆಯ ಬಾಯಿಯ ಮೇಲಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅಲುಗಿಸಿದರೆ ತೀರ್ಥ ಹರಿಯಲಿಲ್ಲ, ನಡುಗಿತು. ಅಕ್ಕ ಬಟ್ಟಲನ್ನು ಬೆಳಕಿಗೆ ಹಿಡಿಸಿ ನೋಡಿದಳು. ಅದರ ಆಚೆ ಕಿಟಕಿಯ ಸರಳುಗಳು ಕಾಣುತ್ತಿದ್ದವು.

“ನೀರೇ ಅದ” ಎಂದು ಬಾಯಿ ತೆರೆದಳು.

ಪೂನಂ ಚಮಚೆಯ ತುದಿಯಷ್ಟು ಇಟ್ಟಳು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಅತ್ತ ಹುಡಗಿ ಊರಿನ ಎಮ್ಮೆಗಳು ಕಿವಿ ನಿಮಿರಿಸಿದ್ದವು.

ಕೆಮ್ಮು ಬರಲಿಲ್ಲ. ಎರಡನೇ ಚಮಚೆಗೂ ಬರಲಿಲ್ಲ.

“ಭದ್ರ್ಯಾ, ಸಮುದ್ರ ಉಪ್ಪು ಅಂತಾರಲ್ಲೋ. ಇದು ಸಪ್ಪಗ ಯಾಕದ?”

“ಉಪ್ಪೆಲ್ಲಾ ನನ್ನ ಅಂಗಡಿಗೆ ಇಳಿಸ್ಕೊಂಡೀನಿ ಅಕ್ಕಾ.”

“ಹೋಗ, ಸುಳ್ಳಪ್ಪಾ” ಎಂದು ಅಕ್ಕ ಸೊಸೆಯ ಕಡೆ ತಿರುಗಿದಳು. “ಪೂನಂ, ಅನ್ನ ಮೆತ್ತಗ ಕಿವುಚಿ ತಾರವ್ವಾ. ಹೊಟ್ಟಿ ಹಸದದ.”