ಒಂದು ಗೇಣು ಜಾಗ

"ಹೋಯ್ತು, ಒಂದು ಹೋಯ್ತು!" ಎಂದು ಭೋಜ ಎದ್ದು ನಿಂತ.

ಹನ್ನೊಂದು ಮರಿ ಹಾಕಿ ಸುಸ್ತಾಗಿದ್ದ ಹಂದಿ ಗೂಡಿನೊಳಗೆ ಒಂದು ಸುತ್ತು ತಿರುಗಿ, ಗೋಡೆಯ ಕಡೆಗೆ ಬೆನ್ನು ಮಾಡಿ ದೊಪ್ಪನೆ ಮಲಗಿತ್ತು. ಅಲ್ಲೇ ತೆವಳುತ್ತಿದ್ದ ಒಂದು ಮರಿ ಕಾಣಲಿಲ್ಲ. ಸೇಸಮ್ಮ ಗಿಡ್ಡ ಗೋಡೆಯನ್ನು ಹಿಡಿದು ಬಗ್ಗಿ ನೋಡುತ್ತಿದ್ದಳು.

ಭೋಜ ಮೂಡುಬಿದಿರೆಯ ಹಂದಿ ವ್ಯಾಪಾರಿ. ಹಗ್ಗ ಹಿಡಿದುಕೊಂಡೇ ಬೆಳಿಗ್ಗೆ ಅಳದಂಗಡಿಗೆ ಬಂದಿದ್ದ. ಕರೆಸಿದವನು ಸೇಸಮ್ಮನ ಅಣ್ಣ ತುಕ್ರಪ್ಪ. ಹಿಂದಿನ ಎರಡು ಸೂಲಿನ ಮರಿಗಳು ಉಳಿದಿರಲಿಲ್ಲ. ಮೊದಲ ಸಲ ಕೆಸರಿನ ಥಂಡಿಗೆ ಸತ್ತವು, ಎರಡನೆಯ ಸಲ ತಾಯಿಯ ಮೈಯಡಿ ಸಿಕ್ಕಿ. ಈ ಸಲವೂ ಹಾಗಾದರೆ ಹಂದಿಯನ್ನು ಕೊಟ್ಟುಬಿಡುವುದೆಂದು ಅವನು ತೀರ್ಮಾನಿಸಿದ್ದ. ಗಂಡ ತೀರಿಕೊಂಡು ತವರಿಗೆ ಮರಳಿದ್ದ ಸೇಸಮ್ಮನಿಗೆ ತನ್ನದು ಎಂದು ಇದ್ದದ್ದು ಆ ಒಂದು ಹಂದಿ.

"ತಪ್ಪು ಹಂದಿಯದ್ದಲ್ಲ ಅಣ್ಣಾ, ಗೂಡಿನದ್ದು," ಎಂದಿದ್ದಳು ಅವಳು. ಹೊಂಡದಲ್ಲಿದ್ದ ಹಳೆಯ ಗೂಡನ್ನು ಕಿತ್ತಳು. ಎರಡು ತಿಂಗಳು ತಾನೇ ಕೆಂಪು ಮುರಕಲ್ಲು ಹೊತ್ತು, ಎತ್ತರದ ಜಾಗದಲ್ಲಿ ಹೊಸದು ಕಟ್ಟಿದಳು. ನೀರು ನಿಲ್ಲದಂತೆ ನೆಲಕ್ಕೆ ಇಳಿಜಾರು ಕೊಟ್ಟಳು. ಎಳೆಬಿಸಿಲು ಒಳಗೆ ಬರಲೆಂದು ಮೂಡು ಕಡೆ ತೆರೆದಿಟ್ಟಳು. ಕೊನೆಗೆ ಒಳಗೋಡೆಯ ಉದ್ದಕ್ಕೂ, ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಒಂದು ಗೇಣು ಈಚೆ, ಅಡಿಕೆಯ ಅಡ್ಡಮರ ಬಿಗಿದಳು.

"ಹಂದಿಗೆ ಬಂಗಲೆ ಆಯ್ತು ಮಾರಾಯ್ತಿ. ಈ ಮೆಟ್ಟಿಲಿನ ಕೈಪಿಡಿ ಯಾಕೆ, ಅದಕ್ಕೆ ಮಾಳಿಗೆ ಹತ್ತಲಿಕ್ಕುಂಟಾ?" ಎಂದು ತುಕ್ರಪ್ಪ ನಕ್ಕಿದ್ದ.

ಈಗ ಅವನು ನಗಲಿಲ್ಲ. "ನಾನು ಹೇಳಲಿಲ್ವಾ? ಉಳಿದದ್ದೂ ಸಂಜೆಯೊಳಗೆ ಹೀಗೇ," ಎಂದ.

ಭೋಜ ಹಗ್ಗ ಬಿಡಿಸತೊಡಗಿದ.

"ಕೂತ್ಕೊಳ್ಳಿ ಭೋಜಣ್ಣ," ಎಂದಳು ಸೇಸಮ್ಮ. ಅವಳು ಗೋಡೆಯ ಮೇಲಿಂದ ಇನ್ನಷ್ಟು ಬಗ್ಗಿದಳು.

ಹಂದಿಯ ಬೆನ್ನು ಗೋಡೆಗೆ ತಾಗದೆ ಅಡ್ಡಮರಕ್ಕೆ ಆತು ನಿಂತಿತ್ತು. ಅದರಾಚೆ, ಗೋಡೆಯವರೆಗೆ, ಒಂದು ಗೇಣು ಕತ್ತಲು. ಆ ಕತ್ತಲಲ್ಲಿ ಏನೋ ಕೀಂಗುಟ್ಟಿತು. ಒದ್ದೆಯಾದ ಮೂತಿಯೊಂದು ಮರದಡಿಯಿಂದ ಇಣುಕಿತು. ಮರಿ ಗೋಡೆಯ ಬದಿಯಲ್ಲೇ ತೂರಾಡುತ್ತಾ ನಡೆದು, ತಾಯಿಯ ಬಾಲವನ್ನು ಬಳಸಿ ಬಂದು, ಅಣ್ಣತಮ್ಮಂದಿರನ್ನು ತುಳಿದು ಮೊಲೆಗೆ ಬಾಯಿ ಹಾಕಿತು.

"ಹನ್ನೊಂದು!" ಎಂದು ಸೇಸಮ್ಮ ಕೂಗಿದ ಕೂಗಿಗೆ ಹಂದಿ ಕಿವಿಯಾಡಿಸಿತು. ಅವಳು ನಗುತ್ತಿದ್ದಳು, ಕೆನ್ನೆ ಪೂರ್ತಿ ಒದ್ದೆಯಾಗಿತ್ತು.

ಭೋಜ ಬಹಳ ಹೊತ್ತು ಆ ಅಡ್ಡಮರವನ್ನೇ ನೋಡಿದ. "ತುಕ್ರಪ್ಪಣ್ಣ, ಈ ಹಂದಿಯನ್ನು ಕಡಿಯಲಿಕ್ಕೆ ಕೇಳುವವ ಮೂರ್ಖ. ಸಾಕಲಿಕ್ಕೆ ನನಗೆ ಎರಡು ಮರಿ ಇಡಿ," ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟ.

ತಿಂಗಳು ಕಳೆಯಿತು. ಹನ್ನೊಂದೂ ಉಳಿದವು, ಮೈಮಿಂಚಿ ಕೊಬ್ಬಿದವು. ಚಾದಂಗಡಿಯಲ್ಲಿ ತುಕ್ರಪ್ಪ "ನಾವು ಕಟ್ಟಿಸಿದ ಗೂಡು" ಎನ್ನತೊಡಗಿದ. ಸೇಸಮ್ಮ ತಿದ್ದಲು ಹೋಗಲಿಲ್ಲ.

ಒಂದು ಬೆಳಿಗ್ಗೆ, ತಾನೂ ಹಂದಿ ಸಾಕುತ್ತಿದ್ದ ನೆರೆಮನೆಯ ಪದ್ಮಾಕ್ಷಿ ಮಜ್ಜಿಗೆ ಕೇಳುವ ನೆಪದಲ್ಲಿ ಬಂದಳು. ಗೂಡಿನ ಹತ್ತಿರ ಸ್ವಲ್ಪ ಹೊತ್ತು ಸುಳಿದಾಡಿದಳು. ಯಾರೂ ನೋಡುತ್ತಿಲ್ಲವೆಂದುಕೊಂಡು, ತೆಂಗಿನ ಕಡ್ಡಿಯೊಂದನ್ನು ನೆಲದಿಂದ ಅಡ್ಡಮರದವರೆಗೆ ಹಿಡಿದು, ಆ ಅಳತೆಗೆ ಲಟಕ್ಕನೆ ಮುರಿದಳು. ಅದನ್ನು ತುರುಬಿಗೆ ಸಿಕ್ಕಿಸಿಕೊಂಡು, ಮಜ್ಜಿಗೆಯನ್ನು ಮರೆತು, ಗದ್ದೆಯಂಚಿನ ಹುಣಿಯ ಮೇಲೆ ಬೇಗ ಬೇಗ ಮನೆಯ ಕಡೆ ನಡೆದಳು.