ಸಾವಿತ್ರೆವ್ವನ ಸಹಿ

ಕಾವೇರಿಗೆ ಒಂಬತ್ತು ತಿಂಗಳು ತುಂಬಿದ್ದವು. ಆದರೂ ಬೆಟಗೇರಿಯ ಆ ತಗಡಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮುಗಳ ನಡುವೆ ನಿಂತೇ ಇದ್ದಳು. ಕುಂತರೆ ಎಳೆ ಹರಿದದ್ದು ಕಾಣುವುದಿಲ್ಲ. ಎಳೆ ಹರಿದರೆ ಸೀರೆ ಕೆಡುತ್ತದೆ. ಸೀರೆ ಕೆಟ್ಟರೆ ಮಾಲಕ ನಾಳೆಯಿಂದ ಬರಬೇಡ ಅನ್ನುತ್ತಾನೆ. ಮಗ್ಗದ ಸಪ್ಪಳದಲ್ಲಿ ಅವಳು ನರಳಿದ್ದು ಯಾರಿಗೂ ಕೇಳಲಿಲ್ಲ. ಕಾಲ ಮೇಲೆ ನೀರಿಳಿದದ್ದು ಕಂಡಾಗಲೇ ಪಕ್ಕದವರು ಮಗ್ಗ ನಿಲ್ಲಿಸಿದ್ದು. ಆಗ ಮಧ್ಯಾಹ್ನ ಎರಡು ಗಂಟೆ.

ಯಾರೋ ಓಡಿಹೋಗಿ ಸಾವಿತ್ರೆವ್ವನನ್ನು ಕರೆತಂದರು. ನಮ್ಮ ಓಣಿಯಲ್ಲಿ ಬಸುರಿ ಬಾಣಂತಿ ಅಂದರೆ ಮೊದಲು ನೆನಪಾಗುವುದು ಅವಳೇ. ನೇಕಾರರ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಆಯಾ ಆಗಿದ್ದವಳು. ಕಾವೇರಿಯನ್ನೂ ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ಅವಳೇ. ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಆಗಿದೆ, ಮನೆಯಲ್ಲಿ ಆಗುವ ಮಾತಲ್ಲ ಎಂದಳು. ನಬಿಸಾಬನ ಆಟೋ ಬಂತು. ಕಾವೇರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಂಜಬ್ಯಾಡವಾ. ನಮ್ಮ ದವಾಖಾನಿ ಐತಿ," ಎಂದಳು.

ನಮ್ಮದು ಅಂತ ಅವಳು ಅಂದದ್ದು ಬಾಯಿಮಾತಿಗಲ್ಲ. ಐವತ್ತು ವರ್ಷದ ಹಿಂದೆ ಒಂದೇ ಬೇಸಿಗೆಯಲ್ಲಿ ಓಣಿಯ ಮೂವರು ಬಸುರಿಯರು ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಸತ್ತಿದ್ದರು. ಆಗ ನೇಕಾರರು ಕೂಡಿ ತಮ್ಮದೇ ದವಾಖಾನೆ ಕಟ್ಟಲು ನಿಂತರು. ಮಗ್ಗವಿದ್ದ ಪ್ರತಿ ಮನೆಯಿಂದ ತಿಂಗಳಿಗೊಂದು ಸೀರೆ, ಆರು ವರ್ಷ. ಕಲ್ಲು ಮುಂಡರಗಿ ಕಡೆಯಿಂದ ಬಂತು. ಹೇರಿ ತರಲು ಶಿರಹಟ್ಟಿಯವರು ಚಕ್ಕಡಿ ಹೂಡಿದರು. ಲಕ್ಷ್ಮೇಶ್ವರದ ಶೇಖಸಾಬ ಎಂಬ ಗೌಂಡಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದು ಗೋಡೆ ಏರಿಸಿದ. ಹೊಂಬಳದ ರೈತರು ಗಾದಿಗೆ ಅರಳೆ ಕೊಟ್ಟರು. ಸಾವಿತ್ರೆವ್ವ ಆಗ ಹೊಸದಾಗಿ ಮದುವೆಯಾಗಿ ಬಂದವಳು. ಗಂಡ ಅಂದಪ್ಪ ನೇಯ್ದ ಸೀರೆಯನ್ನು ಅವಳೇ ಒಯ್ದು ಕೊಟ್ಟು ಬರುತ್ತಿದ್ದಳು.

ಹೀಗೆ ಕೊಟ್ಟವರೂ ದುಡಿದವರೂ, ಅವರ ಮಕ್ಕಳು ಮೊಮ್ಮಕ್ಕಳೂ ಎಲ್ಲ ದವಾಖಾನೆ ಸಂಘದ ಸದಸ್ಯರು. ಅವರು ಹೂಂ ಅನ್ನದೆ ಒಂದು ವಾರ್ಡನ್ನೂ ಯಾರೂ ಮುಚ್ಚುವಂತಿಲ್ಲ ಎಂದು ಹಿರಿಯರು ಬರೆದಿಟ್ಟಿದ್ದರು.

ಹೋದ ವರ್ಷ ಸಂಘದ ಅಧ್ಯಕ್ಷ ವೀರೇಶ ಸಾವಿತ್ರೆವ್ವನ ಮನೆಗೆ ಬಂದಿದ್ದ. ನೂಲಿನ ದೊಡ್ಡ ವ್ಯಾಪಾರಿ. ಕಟ್ಟೆಯ ಮೇಲೆ ಕುಂತು ಚಹಾ ಕುಡಿದ. ಎಲ್ಲ ಸದಸ್ಯರಿಗೂ ಆರೋಗ್ಯ ಕಾರ್ಡು ಮಾಡಿಸುತ್ತೇನೆ, ಮಂದಿ ನನ್ನ ಹುಡುಗರನ್ನು ನಂಬುವುದಿಲ್ಲ, ನೀವು ಜೊತೆಗಿದ್ದರೆ ಸಾಕು ಎಂದ. ಅವಳಿಗೆ ಹಿಗ್ಗಾಯಿತು. ಮೊಣಕಾಲು ನೋವಿದ್ದರೂ ಹದಿನೈದು ದಿನ ಓಣಿ ಓಣಿ ತಿರುಗಿದಳು. ಕಾಗದಗಳು ಇಂಗ್ಲಿಷಿನಲ್ಲಿದ್ದವು. ಅವಳ ಮುಖ ನೋಡಿ ಮಂದಿ ಹೆಬ್ಬೆಟ್ಟು ಒತ್ತಿದರು. ನಾನೂ ಒತ್ತಿದೆ. ಪ್ರತಿ ಕಾಗದದ ಕೆಳಗೆ ಸಾಕ್ಷಿ ಅಂತ ಅವಳು ಸಹಿ ಮಾಡಿದಳು. ಓದಲು ಬಾರದ್ದಕ್ಕೆ ಯಾಕೆ ಸಹಿ ಹಾಕುತ್ತೀ ಎಂದು ಅಂದಪ್ಪ ಒಮ್ಮೆ ಕೇಳಿದ್ದ. ದವಾಖಾನೆಯವರು ನಮಗೆ ಮೋಸ ಮಾಡುತ್ತಾರೇನು ಎಂದು ಅವನನ್ನೇ ಬೈದಿದ್ದಳು.

ಆಟೋ ದವಾಖಾನೆಯ ಮುಂದೆ ನಿಂತಿತು. ಹಳೆಯ ಕಟ್ಟಿಗೆ ಬಾಗಿಲಿನ ಜಾಗದಲ್ಲಿ ಗಾಜಿನ ಬಾಗಿಲು ಬಂದಿತ್ತು. ಕೌಂಟರಿನಲ್ಲಿ ವಾಣಿಶ್ರೀ ಎಂಬ ಹುಡುಗಿ. ಸಾವಿತ್ರೆವ್ವ ಕಾವೇರಿಯ ಕಾರ್ಡು ಮುಂದಿಟ್ಟಳು. ಹುಡುಗಿ ಕಾರ್ಡು ಮುಟ್ಟಲಿಲ್ಲ.

"ಹೆರಿಗಿ ವಾರ್ಡ್ ಬಂದ್ ಆಗಿ ಎಂಟು ದಿನ ಆತ್ರಿ ಅಮ್ಮಾರ. ಇನ್ನ ಇಲ್ಲಿ ಬರೇ ಹಾರ್ಟಿನವರಿಗೆ."

"ಯಾರನ್ನ ಕೇಳಿ ಬಂದ್ ಮಾಡ್ಯಾರ?"

"ನಿಮ್ಮನ್ನ ಕೇಳೇ ಮಾಡ್ಯಾರಲ್ರಿ. ದವಾಖಾನಿ ಮ್ಯಾಲ ನಮಗ ಹಕ್ಕು ಬ್ಯಾಡ ಅಂತ ಎಲ್ಲಾರೂ ಬರದು ಕೊಟ್ಟೀರಿ."

ಸಾವಿತ್ರೆವ್ವನಿಗೆ ಅದು ತಲೆಗೆ ಹೋಗಲಿಲ್ಲ. ತಾನು ಮೂವತ್ತನಾಲ್ಕು ವರ್ಷ ನಡೆದಾಡಿದ ಪಡಸಾಲೆಯಲ್ಲಿ ಕುಂಟುತ್ತಲೇ ಓಡಿದಳು. ಹೆರಿಗೆ ಕೋಣೆಗೆ ಬೀಗ. ಹೆರಿಗೆಯ ಮಂಚ ಹೊರಗೆ ಗೋಡೆಗೆ ಒರಗಿಸಿಟ್ಟಿತ್ತು. ಯಾರಾದರೂ ಒಬ್ಬ ಡಾಕ್ಟರು ಬಂದು ಮುಟ್ಟಿ ನೋಡಲಿ ಎಂದು ಕೈಮುಗಿದಳು. ಹೊಸ ವಾಚಮನ್ ಅವಳ ರಟ್ಟೆ ಹಿಡಿದು ಹೊರಗೆ ಕಳಿಸಿದ. ಅದರಲ್ಲೇ ಅರ್ಧ ತಾಸು ಹೋಯಿತು. ನಬಿಸಾಬ ಆಟೋವನ್ನು ಸರ್ಕಾರಿ ಆಸ್ಪತ್ರೆಗೆ ಹೊಡೆದ.

ಅಲ್ಲಿಯವರು ಓಡಾಡಿ ಕಾವೇರಿಯ ಜೀವ ಉಳಿಸಿದರು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು. ತಲೆ ತುಂಬ ಕೂದಲಿತ್ತು. ಅರ್ಧ ತಾಸು ಮೊದಲು ಬಂದಿದ್ದರೆ ಕೂಸೂ ಉಳಿಯುತ್ತಿತ್ತು ಎಂದರು ಡಾಕ್ಟರು.

ನಾಲ್ಕನೇ ದಿನ ವಾಣಿಶ್ರೀ ಸಾವಿತ್ರೆವ್ವನ ಮನೆ ಹುಡುಕಿಕೊಂಡು ಬಂದಳು. ನಿದ್ದೆ ಬರವಲ್ಲದು ಅಂದಳು. ಚೀಲದಿಂದ ಒಂದು ಝೆರಾಕ್ಸ್ ತೆಗೆದು ಕನ್ನಡದಲ್ಲಿ ಓದಿ ಹೇಳಿದಳು. ಸದಸ್ಯತ್ವ ಬಿಟ್ಟುಕೊಟ್ಟಿದ್ದೇವೆ, ದವಾಖಾನೆಯನ್ನು ಮೂವತ್ತು ವರ್ಷಕ್ಕೆ ಕಂಪನಿಗೆ ಒಪ್ಪಿಸಲು ನಮ್ಮ ತಕರಾರಿಲ್ಲ ಎಂದು ಅದರಲ್ಲಿ ಬರೆದಿತ್ತು. ಆ ಕಂಪನಿ ವೀರೇಶನ ಅಳಿಯನದು. ಕೆಳಗೆ ಕಾವೇರಿಯ ಹೆಬ್ಬೆಟ್ಟು. ಅದರ ಕೆಳಗೆ ಸಾವಿತ್ರೆವ್ವನ ಸಹಿ.

ಅವತ್ತು ಅವಳು ಒಲೆ ಹಚ್ಚಲಿಲ್ಲ. ಎದ್ದು ನೇರ ಕಾವೇರಿಯ ಮನೆಗೆ ಹೋದಳು. ಕಾವೇರಿ ಹಾಲು ಇಂಗಲೆಂದು ಎದೆಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡು ಮಲಗಿದ್ದಳು.

"ನಿನ್ನ ಕೂಸನ್ನ ಕೊಂದಾಕಿ ನಾನ ನೋಡವಾ," ಎಂದಳು ಸಾವಿತ್ರೆವ್ವ.

ಕಾವೇರಿ ಎಲ್ಲವನ್ನೂ ಕೇಳಿದಳು. ಗೋಡೆಯ ಕಡೆ ಹೊರಳಿ ಮಲಗಿದಳು.

ಆಮೇಲೆ ಸಾವಿತ್ರೆವ್ವ ತಾನು ಸಹಿ ಮಾಡಿದ ಒಂದೊಂದು ಮನೆಗೂ ಮತ್ತೆ ಹೋದಳು. ಹೊಸ್ತಿಲ ಹೊರಗೇ ನಿಂತು, ನಿಮಗೆ ಮೋಸ ಆಗಿದೆ, ಮೋಸಕ್ಕೆ ಕೈ ಹಚ್ಚಿದವಳು ನಾನೇ ಎಂದು ಹೇಳಿದಳು. ಕೆಲವರು ಬಾಗಿಲು ಹಾಕಿಕೊಂಡರು. ವೀರೇಶ ಎಷ್ಟು ಕೊಟ್ಟ ಎಂದು ಒಬ್ಬ ಕೇಳಿಯೇಬಿಟ್ಟ. ನನ್ನ ಹೆಂಡತಿ ಅವಳ ಮುಂದೆ ಮಣ್ಣು ತೂರಿದಳು. ನಾನು ತಡೆಯಲಿಲ್ಲ. ಅಂದಪ್ಪ ಏದುಸಿರು ಬಿಡುತ್ತ ಅವಳ ಹಿಂದೆಯೇ ನಡೆಯುತ್ತಿದ್ದ.

ಕಡೆಗೆ ಗಂಡಹೆಂಡಿರು ವಾಣಿಶ್ರೀಯನ್ನು ಕರಕೊಂಡು ಠಾಣೆಗೆ ಹೋದರು. ಸಾಹೇಬ ಝೆರಾಕ್ಸ್ ತಿರುವಿ ನೋಡಿದ. ವಾಣಿಶ್ರೀಗೆ ನೌಕರಿ ಬೇಡಾಗಿದೆಯೇನು ಎಂದು ಕೇಳಿದ. ಆಮೇಲೆ ಸಾವಿತ್ರೆವ್ವನ ಕಡೆ ತಿರುಗಿದ.

"ನೋಡವಾ, ಇದಕ್ಕೆಲ್ಲಾ ಸಾಕ್ಷಿ ನೀನ. ಕೇಸ್ ಆದ್ರ ಮೊದ್ಲ ನೀನ ಒಳಗ ಹೋಗ್ತಿ. ವಯಸ್ಸಾಗೇತಿ, ಸುಮ್ನ ಮನಿಗಿ ಹೋಗು."

"ಮೊದಲನೇ ಹೆಸರು ನಂದ ಬರಕೋರಿ," ಎಂದಳು ಸಾವಿತ್ರೆವ್ವ. "ಎರಡನೇದ್ದು ನಾ ಹೇಳ್ತೀನಿ."

ಸಾಹೇಬ ಮೊದಲನೇ ಹೆಸರು ಬರೆದುಕೊಂಡ. ಎರಡನೆಯದನ್ನು ಅವಳು ಮೂರು ಸಲ ಹೇಳಿದಳು. ಅವನು ಏನೋ ಬರೆದು ಅದರ ಪ್ರತಿಯನ್ನು ಕೈಗೆ ಕೊಟ್ಟ. ಹೊರಗೆ ಬಂದು ವಾಣಿಶ್ರೀ ಓದಿದಳು. ಒಂದನೇ ಆರೋಪಿ, ಸಾವಿತ್ರೆವ್ವ, ನಿವೃತ್ತ ಆಯಾ. ಎರಡನೇ ಆರೋಪಿ, ಅಪರಿಚಿತರು. ಠಾಣೆಯ ಎದುರಿನ ಕಂಬದಲ್ಲೇ ದವಾಖಾನೆಯ ಹೊಸ ಬೋರ್ಡು ಇತ್ತು. ಅದರಲ್ಲಿ ವೀರೇಶ ಕೈಮುಗಿದು ನಗುತ್ತಿದ್ದ.

ಸಾವಿತ್ರೆವ್ವ ಮನೆಗೆ ಹೋಗಲು ಒಪ್ಪಲಿಲ್ಲ. ಠಾಣೆಯ ಕಟ್ಟೆಯ ಮೇಲೆ ಕುಂತಳು. ಹೊತ್ತು ಮುಳುಗುವುದರೊಳಗೆ ಆ ಸುದ್ದಿ ಓಣಿಗೆಲ್ಲ ಮುಟ್ಟಿತು.

ಮರುದಿನ ಮುಂಜಾನೆ ನಬಿಸಾಬನ ಆಟೋದಿಂದ ಕಾವೇರಿ ಇಳಿದಳು. ಎದೆಯ ಅರಿವೆ ಇನ್ನೂ ಬಿಚ್ಚಿರಲಿಲ್ಲ. ಗೋಡೆ ಹಿಡಿದು ನಡೆದು ಬಂದು ಸಾಹೇಬನ ಮೇಜಿನ ಮುಂದೆ ನಿಂತಳು.

"ಆ ಕಾಗದದಾಗ ನನ್ನ ಹೆಬ್ಬೆಟ್ಟೂ ಐತ್ರಿ. ನನಗ ಮೋಸ ಮಾಡಿದಾಂವ ವೀರೇಶ. ಸಾವಿತ್ರೆವ್ವಗೂ ಅವನ ಮಾಡ್ಯಾನ. ಬರಕೋರಿ."

ಅವಳ ಹಿಂದೆ ಓಣಿಯ ಹೆಂಗಸರು ಬಂದಿದ್ದರು. ಅವರ ಹಿಂದೆ ನಾವು. ಮಣ್ಣು ತೂರಿದ್ದ ನನ್ನ ಹೆಂಡತಿ ಸಾವಿತ್ರೆವ್ವನಿಗೆ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಕೊಡುವಾಗ ಮುಖ ನೋಡಲಾಗದೆ ನೆಲ ನೋಡಿದಳು. ಒಬ್ಬೊಬ್ಬರೇ ಮೇಜಿನ ಮುಂದೆ ನಿಂತು ಅದೇ ಹೆಸರು ಹೇಳಿದೆವು. ಸಾಹೇಬ ಪೆನ್ನು ಮುಚ್ಚಿಟ್ಟ. ಆದರೂ ಹೇಳಿದೆವು. ಸಂಜೆತನಕ ಎಂಬತ್ತಾರು ಮಂದಿ ಹೇಳಿದೆವು, ಸಾವಿತ್ರೆವ್ವನ ಜೊತೆ ಕಟ್ಟೆಯ ಮೇಲೆ ಕುಂತೆವು.

ಸಾಹೇಬ ಬರೆದ ಕಾಗದದಲ್ಲಿ ಇವತ್ತಿಗೂ ಎರಡನೇ ಆರೋಪಿ ಅಪರಿಚಿತರೇ. ನಾವು ಇವತ್ತಿಗೂ ಠಾಣೆಯ ಕಟ್ಟೆ ಬಿಟ್ಟು ಎದ್ದಿಲ್ಲ.